ಓಡಿ ನಿಂತ ಎರಡು ನಿಮಿಷದಲ್ಲಿ: ತೂಕ ಇಳಿಸುವಾಗಿನ ಎದೆ ಡವಡವ

ಎದೆ ಡವಡವ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಒಳಗೆ ನಡೆಯುವುದು ಮಾತ್ರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಬಡಿತ ಲಯ ತಪ್ಪದೆ ವೇಗವಾಗಿ ಹೊಡೆದುಕೊಳ್ಳುವುದು ಬೇರೆ. ನಡುವೆ ಒಂದು ಬಡಿತ ಬಿಟ್ಟುಹೋಗಿ ಮುಂದಿನದು ಧಸಕ್ಕೆಂದು ಒಳಗಿಂದ ಗುದ್ದುವುದು ಬೇರೆ. ಸ್ವಿಚ್ ಹಾಕಿದ ಹಾಗೆ ಏಕಾಏಕಿ 170–180ಕ್ಕೆ ಏರಿ, ಕೂತರೂ ಇಳಿಯದೆ, ಆಮೇಲೆ ಏಕಾಏಕಿ ನಿಲ್ಲುವುದು ಇನ್ನೂ ಬೇರೆ. ನನ್ನದು ಎರಡನೆಯದು. ವಯಸ್ಸು 44, ಶುರುವಿನ ತೂಕ 86 ಕೆಜಿ, ವಾರಕ್ಕೆ ಐದು ಬೆಳಿಗ್ಗೆ ಜಿಮ್ಮಿನಲ್ಲಿ ಇಂಟರ್ವಲ್ ಓಟ (ಸ್ವಲ್ಪ ಹೊತ್ತು ಜೋರಾಗಿ ಓಡಿ, ಬಿಡುವು ಕೊಟ್ಟು, ಮತ್ತೆ ಓಡುವುದು), ಅನ್ನ-ಮುದ್ದೆ ಪೂರ್ತಿ ಬಂದ್.

ಮೊದಲ ಕೆಲಸ, ಅದು ಯಾವಾಗ ಬರುತ್ತದೆ ಅಂತ ಬರೆದಿಡುವುದು. ಓಟದ ಶುರುವಿನಲ್ಲೋ, ಉಸಿರು ಕಟ್ಟುವಷ್ಟು ಶ್ರಮದ ತುದಿಯಲ್ಲೋ, ನಿಂತ ಮೇಲೋ, ರಾತ್ರಿ ಮಲಗಿದಾಗಲೋ? ಹತ್ತು ದಿನ ಬರೆದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಜಾಗಕ್ಕೆ ಬಂದು ನಿಂತವು: ಟ್ರೆಡ್‌ಮಿಲ್ ನಿಲ್ಲಿಸಿದ ಎರಡು ನಿಮಿಷದೊಳಗೆ. ವೈದ್ಯರಿಗೆ ಬೇಕಿದ್ದದ್ದೂ ಈ ಒಂದು ಸಾಲೇ. ಶ್ರಮದ ತುದಿಯಲ್ಲೇ ಲಯ ತಪ್ಪಿದರೆ, ಅದರ ಜೊತೆ ಎದೆನೋವು, ಕಣ್ಣು ಕತ್ತಲೆ, ತಲೆ ತಿರುಗಿ ಬೀಳುವುದು ಇದ್ದರೆ, ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡಿದ್ದರೆ, ನೋಟ್‌ಬುಕ್ ಪಕ್ಕಕ್ಕಿಡಿ. ಅಂಥವರು ವ್ಯಾಯಾಮ ನಿಲ್ಲಿಸಿ ನೇರ ಹೃದ್ರೋಗ ತಜ್ಞರ ಹತ್ತಿರ ಹೋಗಬೇಕು. ಆ ಹೊತ್ತಿಗೇ ನೋವೋ ಪ್ರಜ್ಞೆ ತಪ್ಪುವುದೋ ಆದರೆ 108ಕ್ಕೆ ಫೋನ್ ಮಾಡಬೇಕು. ಮುಂದಿನದ್ಯಾವುದೂ ಅವರಿಗಲ್ಲ.

ಬಡಿತ ಎಣಿಸಲು ವಾಚನ್ನೇ ನಂಬಬೇಡಿ. ಕೈಗಡಿಯಾರದ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡಿ ಲೆಕ್ಕ ಹಾಕುತ್ತದೆ. ಓಡುವಾಗ ಪಟ್ಟಿ ಸಡಿಲವಿದ್ದರೆ ಅದು ಹೆಜ್ಜೆಯ ಕುಲುಕನ್ನೇ ಬಡಿತ ಅಂದುಕೊಳ್ಳುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕುವವರಿಗೆ ಬಡಿತವೂ 160 ಅಂತ ತೋರಿಸಿ ಕೂತುಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ವಾಸಿ. ಲಯ ತಿಳಿಯಲು ಬೆರಳೇ ಸಾಕು: ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ಮಧ್ಯದ ಬೆರಳು ಇಡಿ. ಹೆಬ್ಬೆರಳಲ್ಲಿ ಮುಟ್ಟಿದರೆ ಅದರದ್ದೇ ಬಡಿತ ಸೇರಿಕೊಂಡು ಲೆಕ್ಕ ಕೆಡುತ್ತದೆ. ಲಯ ಸರಿಯಿದ್ದರೆ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬಹುದು. ತಪ್ಪುತ್ತಿದ್ದರೆ ಪೂರ್ತಿ 60 ಸೆಕೆಂಡ್ ಎಣಿಸಿ, ಎಷ್ಟು ಸಲ ಬಿಟ್ಟುಹೋಯಿತು ಅನ್ನುವುದನ್ನು ಬೇರೆಯಾಗಿ ಗುರುತು ಹಾಕಬೇಕು.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದದ್ದು ಬೆಂಗಳೂರಿನವರಿಗೆ ನೆನಪಿರುತ್ತದೆ. ಭಯಕ್ಕೆ ಓಡಿಹೋಗಿ ಇಸಿಜಿ ಮಾಡಿಸಿ, ನಾರ್ಮಲ್ ಅಂತ ಬಂದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಮಾಮೂಲಿ ಇಸಿಜಿ ಹಿಡಿಯುವುದು ಸುಮಾರು ಹತ್ತು ಸೆಕೆಂಡಿನ ಬಡಿತ, ಅದೂ ಮಲಗಿದ್ದಾಗ. ನನ್ನ ತಪಾಸಣೆಯ ಪಟ್ಟಿಯಲ್ಲಿ ಅದರ ಜೊತೆ ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ), 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ) ಇದ್ದವು. ಟಿಎಂಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. ನಿಂತ ಮೇಲಿನ ನಿಮಿಷಗಳೂ ಅದರಲ್ಲಿ ಸೇರಿವೆ, ಅಲ್ಲೇ ಇದು ಸಿಕ್ಕಿಬೀಳುವುದು.

ಹೋಲ್ಟರ್ ಕಟ್ಟಿಸಿಕೊಂಡು ಸೋಫಾ ಮೇಲೆ ಕೂತರೆ ದುಡ್ಡು ದಂಡ. ವೈದ್ಯರನ್ನು ಕೇಳಿಕೊಂಡು ಆ ದಿನವೂ ದಿನದಂತೆಯೇ ಓಡಿ. ಸ್ನಾನ ಮಾಡುವಂತಿಲ್ಲ, ಆದ್ದರಿಂದ ಹಾಕಿಸಿಕೊಳ್ಳುವ ಮುಂಚೆ ಮಿಂದು ಹೋಗಿ. ಎದೆಗೆ ಎಣ್ಣೆ, ಪೌಡರ್ ಬೇಡ, ಸ್ಟಿಕ್ಕರ್ ಬೆವರಿಗೆ ಕಿತ್ತುಬರುತ್ತದೆ. ಧಸಕ್ಕೆಂದ ತಕ್ಷಣ ಯಂತ್ರದ ಗುಂಡಿ ಒತ್ತಿ, ಗಂಟೆ-ನಿಮಿಷ ಬರೆಯಿರಿ. ದಿನಕ್ಕೆ ಹೃದಯ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ; ಅದರಲ್ಲಿ ಕೆಲವು ಹೆಚ್ಚುವರಿ ಬಡಿತ ಆರೋಗ್ಯವಂತರಲ್ಲೂ ಇರುತ್ತವೆ. ಹೃದಯದ ಕೆಳಕೋಣೆಯಿಂದ ಹುಟ್ಟುವಂಥವು ಒಟ್ಟು ಬಡಿತದ ಶೇ. 10 ದಾಟಿದರೆ ವೈದ್ಯರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಇರಲಿ. ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಡಯಟ್ ಮಾಡಿ ಕೂದಲು ಉದುರಿತು ಅಂತ ಬಯೋಟಿನ್ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ. ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು. ಇನ್ನು, ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಗಿದು ಬಿಟ್ಟರೆ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚು ತೋರುತ್ತದೆ. 3.5ರಿಂದ 5.0 ಇರಬೇಕಾದ ಅಂಕಿಯಲ್ಲಿ ಅರ್ಧ ಅಂಶ ಹೆಚ್ಚು ತೋರಿದರೂ ಸಾಕು, ಕಡಿಮೆಯಿದ್ದದ್ದು ಮುಚ್ಚಿಹೋಗಲು.

ವರದಿಗಳಲ್ಲಿ ಹೃದಯದ ದೋಷ ಇಲ್ಲ ಅಂತಾದ ಮೇಲೆ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತು ಗೊತ್ತಾಗುವುದಿಲ್ಲ, ಹಾಗಾಗಿ ವಾರಕ್ಕೊಂದು.

ಮೊದಲು ಮುಟ್ಟಿದ್ದು ಓಟ ನಿಲ್ಲಿಸುವ ರೀತಿ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಬಿಪಿ ಬೀಳುತ್ತದೆ, ಅಡ್ರಿನಲಿನ್ ಇನ್ನೂ ಏರಿಯೇ ಇರುತ್ತದೆ. ಶ್ರಮದಲ್ಲಿ ಏರಿದ್ದ ರಕ್ತದ ಪೊಟ್ಯಾಸಿಯಂ ಅದೇ ನಿಮಿಷಗಳಲ್ಲಿ ಸರ್ರನೆ ಇಳಿಯುತ್ತದೆ. ಹೆಚ್ಚುವರಿ ಬಡಿತಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಿಲ್ಲ. ನಾನು ಇಟ್ಟುಕೊಂಡ ಕ್ರಮ: 9 ಕಿ.ಮೀ. ವೇಗದಿಂದ ಎರಡು ನಿಮಿಷ 6ಕ್ಕೆ, ಮೂರು ನಿಮಿಷ 5ಕ್ಕೆ, ಮೂರು ನಿಮಿಷ 4ಕ್ಕೆ. ಒಟ್ಟು ಎಂಟು ನಿಮಿಷ. ಅದು ಮುಗಿಯುವವರೆಗೆ ಬಗ್ಗಿ ಶೂ ಲೇಸ್ ಬಿಚ್ಚುವುದಿಲ್ಲ, ಮ್ಯಾಟ್ ಮೇಲೆ ಅಂಗಾತ ಬೀಳುವುದಿಲ್ಲ. ಇಳಿಸುತ್ತಾ ನಡೆಯುವಾಗ ಮೊದಲ ನಿಮಿಷದಲ್ಲಿ ಬಡಿತ 12ಕ್ಕಿಂತ ಹೆಚ್ಚು ಇಳಿಯಬೇಕು. ಇಳಿಯದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ ಧಸಕ್ಕು ನಿಂತದ್ದು ಈ ಎಂಟು ನಿಮಿಷಕ್ಕೇ.

ಎರಡನೆಯದು ಉಪ್ಪು, ನೀರು. ಅನ್ನ-ಮುದ್ದೆ ಬಿಟ್ಟರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಖಾಲಿಯಾಗುತ್ತದೆ. ಒಂದು ಗ್ರಾಂ ಹೋದರೆ ಅದರ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರದಲ್ಲಿ ಸೋಡಿಯಂ ಕೂಡ ಜಾರುತ್ತದೆ. ಮೊದಲ ವಾರ ತಕ್ಕಡಿಯಲ್ಲಿ ಎರಡು ಕೆಜಿ ಇಳಿದದ್ದು ನೋಡಿ ಹಿಗ್ಗುತ್ತೇವಲ್ಲ, ಅದರಲ್ಲಿ ಬಹುಪಾಲು ಇದೇ. ಓಟದ ಮುಂಚೆ, ಆಮೇಲೆ ಒದ್ದೆ ಬಟ್ಟೆ ತೆಗೆದು ತೂಕ ನೋಡಿ. 700 ಗ್ರಾಂ ಕಡಿಮೆಯಾಗಿದ್ದರೆ ಅದು 700 ಮಿಲಿ ಬೆವರು. ನಾನು ಮಾಡಿಕೊಂಡದ್ದು ನೀರುಮಜ್ಜಿಗೆ: 150 ಮಿಲಿ ಮೊಸರು, 450 ಮಿಲಿ ನೀರು, ಕಾಲು ಟೀಚಮಚ ಉಪ್ಪು. ಅರ್ಧ ಓಟಕ್ಕೆ ನಲವತ್ತು ನಿಮಿಷ ಮುಂಚೆ, ಇನ್ನರ್ಧ ಆಮೇಲೆ. ವಾರಕ್ಕೆ ಮೂರು ದಿನ ಎಳನೀರು, ಪೊಟ್ಯಾಸಿಯಂಗೆ. ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ನುಂಗುವವರು, ಕಿಡ್ನಿ ತೊಂದರೆಯವರು ಎಳನೀರನ್ನೂ 'ಕಡಿಮೆ ಸೋಡಿಯಂ' ಉಪ್ಪನ್ನೂ ಕೇಳದೆ ಮುಟ್ಟಬಾರದು. ಆ ಉಪ್ಪಿನಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ. ಅದು ಮೈಯಲ್ಲಿ ಏರಿದರೂ ಹೃದಯ ನಿಲ್ಲಿಸಬಲ್ಲದು.

ಮೂರನೆಯದು ಖಾಲಿ ಹೊಟ್ಟೆ ಮತ್ತು ಕಾಫಿ. ಇವೆರಡೂ ಸೇರಿದ ಬೆಳಿಗ್ಗೆಗಳೇ ನೋಟ್‌ಬುಕ್ಕಿನಲ್ಲಿ ಎದ್ದು ಕಾಣುತ್ತಿದ್ದವು. ಜಿಮ್ಮುಗಳಲ್ಲಿ ಕೊಡುವ ಪ್ರೀ-ವರ್ಕೌಟ್ ಪುಡಿಯ ಒಂದು ಚಮಚದಲ್ಲಿ 150ರಿಂದ 300 ಮಿ.ಗ್ರಾಂ ಕೆಫೀನ್ ಇರುವುದುಂಟು, ಮೇಲೆ ದರ್ಶಿನಿಯ ಸ್ಟ್ರಾಂಗ್ ಕಾಫಿ ಬಿದ್ದರೆ ಕೇಳುವುದೇ ಬೇಡ. ಪುಡಿ ಬಿಟ್ಟೆ, ಕಾಫಿ ಓಟದ ನಂತರಕ್ಕೆ ಹೋಯಿತು, ಓಟಕ್ಕೆ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು ಬಂತು. ದಿನಕ್ಕೆ ಸಾವಿರ ಕ್ಯಾಲೊರಿ ಕಡಿತ ಮಾಡುತ್ತಿದ್ದದ್ದನ್ನು ಐನೂರಕ್ಕೆ ಇಳಿಸಿ, ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಹುರುಳಿಕಾಳಿನ ಬಸ್ಸಾರು ವಾಪಸ್ ತಂದೆ. ಅಲ್ಲಿಂದ ವಾರಕ್ಕೆ ಇಳಿದದ್ದು ಅರ್ಧ ಕೆಜಿ. ನೆಗಡಿ ಮಾತ್ರೆಯ ಸ್ಯೂಡೋಎಫೆಡ್ರಿನ್, ಆಸ್ತಮಾದ ಸಾಲ್ಬುಟಮಾಲ್ ಕೂಡ ಬಡಿತ ಏರಿಸುತ್ತವೆ. ಇನ್ಹೇಲರನ್ನು ನೀವಾಗಿ ನಿಲ್ಲಿಸಬೇಡಿ, ಬರೆದಿಟ್ಟು ವೈದ್ಯರಿಗೆ ತೋರಿಸಿ.

ತೀವ್ರತೆ ಕೊನೆಗೆ. ಗರಿಷ್ಠ ಬಡಿತಕ್ಕೆ 208ರಿಂದ ವಯಸ್ಸಿನ 0.7 ಪಾಲು ಕಳೆದರೆ 44ಕ್ಕೆ 177 ಬರುತ್ತದೆ. ಅದು ಅಂದಾಜು, ಹತ್ತು ಬಡಿತ ಅತ್ತಿತ್ತ ಆಗುವುದು ಮಾಮೂಲು. 30 ಸೆಕೆಂಡಿನ ಹತ್ತು ಓಟದ ಬದಲು 20 ಸೆಕೆಂಡಿನ ಆರು. ನಡುವಿನ ಬಿಡುವನ್ನು ಗಡಿಯಾರ ನೋಡಿ ಮುಗಿಸದೆ, ಬಡಿತ 120ಕ್ಕಿಂತ ಕೆಳಗಿಳಿದ ಮೇಲೇ ಮುಂದಿನದು. ವಾರಕ್ಕೆ ಎರಡು ದಿನ ಮಾತ್ರ ಇದು. ಉಳಿದ ದಿನ ಲಾಲ್‌ಬಾಗಿನಲ್ಲಿ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಉಸಿರು ಉಳಿಯುವಷ್ಟೇ ಬಿರುಸು. ಬಂಡೆ ಹತ್ತುವಾಗ ಮಾತು ತುಂಡಾದರೆ ನಡಿಗೆ ನಿಧಾನ. ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ಬೆಳಿಗ್ಗೆ ಇಂಟರ್ವಲ್ ಇಲ್ಲ.

ಆರನೇ ವಾರದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಓಟದ ನಂತರದ ಕಾಲಂ ಬಹುತೇಕ ಖಾಲಿ. ಮಲಗಿದಾಗ ಒಂದೊಂದು ಧಸಕ್ಕು ಈಗಲೂ ಇದೆ, ಅದೂ ಎಡಮಗ್ಗುಲಲ್ಲಿ. ಆ ಮಗ್ಗುಲಲ್ಲಿ ಹೃದಯ ಎದೆಗೋಡೆಗೆ ಹತ್ತಿರ ಬರುವುದರಿಂದ ಇದ್ದದ್ದೇ ಜೋರಾಗಿ ಕೇಳುತ್ತದೆ. ಬಲಕ್ಕೆ ಹೊರಳಿ ಮಲಗುತ್ತೇನೆ.