ಕಸುಬು ಕಲಿಸುವ ಸ್ಮಾರಕ ದತ್ತಿನಿಧಿಯನ್ನು ಸ್ಥಾಪಿಸುವ ಬಗೆ

ಅಗಲಿದವರ ಹೆಸರಿನಲ್ಲಿ ಶಿಕ್ಷಣ ನಿಧಿ ಇಡಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ತರಬೇತಿಯ ಶುಲ್ಕ ಎಷ್ಟೆಂದು. ದುಡಿದು ಉಣ್ಣುವ ಮನೆಯವರು ವೆಲ್ಡಿಂಗ್, ವಿದ್ಯುತ್ ಕೆಲಸ, ಲೇತ್ ಅಥವಾ ಶುಶ್ರೂಷೆ ಕಲಿಯಬೇಕೆಂದಾಗ ಅವರನ್ನು ಹಿಂದಕ್ಕೆಳೆಯುವುದು ಶುಲ್ಕಕ್ಕಿಂತ ಹೆಚ್ಚಾಗಿ ಕಲಿಕೆಯ ತಿಂಗಳುಗಳಲ್ಲಿ ತಪ್ಪಿಹೋಗುವ ಕೂಲಿ. ಈ ಲೆಕ್ಕವನ್ನು ಬಿಟ್ಟು ರೂಪಿಸಿದ ನಿಧಿಯಲ್ಲಿ ಹಣವಿದ್ದರೂ ಅರ್ಜಿಗಳು ಬರುವುದಿಲ್ಲ.

ಆದುದರಿಂದ ಮೊದಲು ಒಬ್ಬ ಕಲಿಯುವವರ ಪೂರ್ಣ ಖರ್ಚನ್ನು ಬರೆದುಕೊಳ್ಳಬೇಕು. ಶುಲ್ಕದ ಜೊತೆಗೆ ಕಳೆದುಕೊಳ್ಳುವ ಕೂಲಿಯಲ್ಲಿ ಒಂದು ಪಾಲು, ಸ್ವಂತದ್ದಾಗಿ ಇರಲೇಬೇಕಾದ ಉಪಕರಣಗಳು, ಸುರಕ್ಷತೆಯ ಬೂಟು ಮತ್ತು ಕನ್ನಡಕ, ಓಡಾಟದ ಖರ್ಚು, ಚಿಕ್ಕ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದುದು, ಕೊನೆಯಲ್ಲಿ ಪರೀಕ್ಷೆ ಹಾಗೂ ಪರವಾನಗಿಯ ಶುಲ್ಕ ಇವೆಲ್ಲವೂ ಅದರಲ್ಲಿ ಸೇರಬೇಕು. ಪರವಾನಗಿಯ ಶುಲ್ಕ ಚಿಕ್ಕದಾಗಿ ಕಂಡರೂ ಅದನ್ನು ಕಟ್ಟಲಾಗದೆ, ಕಲಿತ ಮೇಲೂ ಸಹಾಯಕರಾಗಿಯೇ ಉಳಿಯಬೇಕಾಗಬಹುದು. ಈ ಮೊತ್ತದಿಂದ ನಿಮ್ಮ ವಾರ್ಷಿಕ ಹಣವನ್ನು ಭಾಗಿಸಿದಾಗ ಎಷ್ಟು ಜನರ ಭಾರ ಹೊರಬಹುದೆಂದು ತಿಳಿಯುತ್ತದೆ. ಸಂಖ್ಯೆ ಸಣ್ಣದಾದರೆ ಬೇಸರ ಬೇಡ. ಹತ್ತು ಜನರಿಗೆ ಅರೆಬರೆ ಕೊಡುವುದಕ್ಕಿಂತ ಇಬ್ಬರನ್ನು ದಡ ಮುಟ್ಟಿಸುವುದು ಲೇಸೆಂದು ನನ್ನ ಎಣಿಕೆ.

ಮೂಲಧನವನ್ನು ಉಳಿಸಿ ಬಡ್ಡಿಯನ್ನಷ್ಟೇ ಖರ್ಚು ಮಾಡುವುದೋ, ಮೂಲಧನವನ್ನೇ ಕೆಲವು ವರ್ಷಗಳಲ್ಲಿ ಕೊಟ್ಟು ಮುಗಿಸುವುದೋ ಎಂಬುದನ್ನು ಆರಂಭದಲ್ಲೇ ನಿರ್ಧರಿಸಿಕೊಳ್ಳಬೇಕು. ಶೇ. 7ರಷ್ಟು ಬಡ್ಡಿ ಬಂದು ಬೆಲೆಗಳು ಶೇ. 5ರಷ್ಟು ಏರುತ್ತಿದ್ದರೆ, ನಿಧಿಯ ಬೆಲೆ ಕುಗ್ಗದಂತೆ ಖರ್ಚು ಮಾಡಬಹುದಾದುದು ಶೇ. 2ರ ಆಸುಪಾಸು ಮಾತ್ರ. ಬಂದ ಬಡ್ಡಿಯನ್ನೆಲ್ಲ ಹಂಚುತ್ತ ಹೋದರೆ ಸುಮಾರು 14 ವರ್ಷಗಳಲ್ಲಿ ಅದೇ ಮೂಲಧನದ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಸಣ್ಣ ನಿಧಿಗೆ ಶಾಶ್ವತತೆಯ ಹಂಬಲ ಹಲವು ಸಲ ದುಬಾರಿಯಾಗುತ್ತದೆ.

ನ್ಯಾಸಪತ್ರದ, ಅಂದರೆ ನಿಧಿಯನ್ನು ನಡೆಸುವ ಟ್ರಸ್ಟಿನ ದಾಖಲೆಯ, ಷರತ್ತುಗಳನ್ನು ಬರೆಯುವಾಗ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಉಯಿಲನ್ನು ನೆನೆಯಬೇಕು. 1790ರಲ್ಲಿ ತೀರಿಕೊಂಡ ಅವರು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟುಹೋದರು. ಅಪ್ರೆಂಟಿಸ್ ಆಗಿ ಕಸುಬು ಕಲಿತ, 25 ವರ್ಷದೊಳಗಿನ, ಮದುವೆಯಾದ ಕುಶಲಕರ್ಮಿಗಳಿಗೆ ಇಬ್ಬರ ಜಾಮೀನಿನ ಮೇಲೆ ಶೇ. 5ರ ಬಡ್ಡಿಗೆ ಸಾಲ ಕೊಡುತ್ತ ಆ ಹಣವನ್ನು 200 ವರ್ಷ ಬೆಳೆಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಸ್ವತಃ ಮುದ್ರಣಾಲಯದ ಅಪ್ರೆಂಟಿಸ್ ಆಗಿ ಬೆಳೆದವರ ಯೋಚನೆ ಅದು. ಆದರೆ ಕಾರ್ಖಾನೆಗಳು ಬಂದು ಅಪ್ರೆಂಟಿಸ್ ಪದ್ಧತಿಯೇ ಕುಗ್ಗಿದ್ದರಿಂದ ಷರತ್ತಿಗೆ ಹೊಂದುವವರು ಅಪರೂಪವಾದರು. ಬಾಸ್ಟನ್ನಿನ ಹಣದ ಒಂದು ಪಾಲಿನಿಂದ 1908ರಲ್ಲಿ ಕಸುಬು ಕಲಿಸುವ ಶಾಲೆ ತೆರೆದ ಮೇಲೆ ಆ ಉದ್ದೇಶಕ್ಕೆ ಮತ್ತೊಂದು ದಾರಿಯಾಯಿತು. ಹಾಗಾಗಿ ಉದ್ದೇಶವನ್ನು ಬಿಗಿಯಾಗಿಯೂ ವಿವರಗಳನ್ನು ಸಡಿಲವಾಗಿಯೂ ಬರೆಯಿರಿ: ಕಸುಬಿನ ಹೆಸರು, ವಯಸ್ಸು, ಮೊತ್ತಗಳನ್ನು ಟ್ರಸ್ಟಿಗಳು ಕಾಲಕಾಲಕ್ಕೆ ಬದಲಿಸಬಹುದೆಂಬ ಒಂದು ವಾಕ್ಯ ಪತ್ರದಲ್ಲಿರಲಿ. ನೋಂದಣಿ ಮತ್ತು ತೆರಿಗೆಯ ವಿಚಾರದಲ್ಲಿ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕೇಳುವುದೇ ಸರಿ.

ಅರ್ಜಿ ಒಂದು ಪುಟವನ್ನು ಮೀರಬಾರದು. ದೀರ್ಘ ಪ್ರಬಂಧ ಬರೆಸಿದರೆ ಚೆನ್ನಾಗಿ ಬರೆಯಬಲ್ಲವರು ಗೆಲ್ಲುತ್ತಾರೆ. ಕೈಕೆಲಸದಲ್ಲಿ ಗಟ್ಟಿಯಾದವರು ಹಿಂದೆ ಬೀಳುತ್ತಾರೆ. ದಿನಗೂಲಿಯವರಲ್ಲಿ ಸಂಬಳದ ಚೀಟಿ ಇರುವುದು ಕಡಿಮೆ. ಅವರ ಕೆಲಸ ಬಲ್ಲ ಮೇಸ್ತ್ರಿಯ ಮಾತನ್ನೂ ಆಧಾರವಾಗಿ ಒಪ್ಪಿಕೊಳ್ಳಬೇಕು. ಸಂದರ್ಶನವನ್ನು ಪಾಳಿ ಮುಗಿದ ಮೇಲೆ ಇಟ್ಟುಕೊಳ್ಳಿ. ಆಯ್ಕೆ ಸಮಿತಿಯಲ್ಲಿ ಆ ಕಸುಬಿನಲ್ಲಿ ನುರಿತವರು ಒಬ್ಬರಾದರೂ ಇರಲಿ, ಮತ್ತು ಅರ್ಜಿದಾರರ ಬಂಧುಗಳು ಆ ಅರ್ಜಿಯ ತೀರ್ಮಾನದಿಂದ ಹೊರಗುಳಿಯಲಿ. ಅಗಲಿದವರ ಮನೆಯವರು ಸಮಿತಿಯಲ್ಲಿ ಇರಬಹುದಾದರೂ ಬಹುಮತ ಅವರದಾಗದಿರುವುದು ಒಳಿತು, ಏಕೆಂದರೆ ದುಃಖ ಹಸಿಯಾಗಿರುವಾಗ ಅಗಲಿದವರನ್ನು ಹೋಲುವ ಅಭ್ಯರ್ಥಿಯತ್ತ ಮನಸ್ಸು ತಾನಾಗಿ ವಾಲುತ್ತದೆ.

ಹಣ ಕೊಡುವ ಹೊತ್ತು ಮೊತ್ತದಷ್ಟೇ ಮುಖ್ಯ. ರಸೀದಿ ತಂದ ಮೇಲೆ ಮರುಪಾವತಿ ಮಾಡುವ ಕ್ರಮ ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ನೆರವಾಗುತ್ತದೆ. ಶುಲ್ಕವನ್ನು ನೇರವಾಗಿ ಸಂಸ್ಥೆಗೆ ಕಟ್ಟಿ, ಉಪಕರಣಗಳ ಹಣವನ್ನು ತರಗತಿ ತೆರೆಯುವ ಮೊದಲೇ ಕೊಟ್ಟು, ಕೂಲಿಯ ಪಾಲನ್ನು ಹಾಜರಾತಿ ನೋಡಿ ತಿಂಗಳು ತಿಂಗಳು ಕಲಿಯುವವರ ಖಾತೆಗೆ ಹಾಕುವುದು ಹೆಚ್ಚು ಅನುಕೂಲ. ಸ್ವಲ್ಪ ಹಣವನ್ನು ತುರ್ತಿಗೆಂದು ಬೇರೆ ಇಡಬೇಕು. ಮನೆಯಲ್ಲಿ ಕಾಯಿಲೆ ಬಂದ ತಿಂಗಳಲ್ಲೇ ತರಬೇತಿ ನಿಂತುಹೋಗುವ ಸಂಭವ ಹೆಚ್ಚು. ಮಧ್ಯದಲ್ಲಿ ಬಿಟ್ಟವರಿಂದ ಹಣ ವಾಪಸು ಕೇಳುವ ಷರತ್ತು ಹಾಕದಿರಿ, ಆ ಭಯಕ್ಕೆ ಅರ್ಜಿ ಹಾಕದವರೇ ಹೆಚ್ಚಾದಾರು. ಬಿಟ್ಟ ಕಾರಣವನ್ನು ಮಾತ್ರ ಕೇಳಿ ಬರೆದಿಟ್ಟುಕೊಂಡು, ಮುಂದಿನ ವರ್ಷ ಮೊತ್ತಗಳನ್ನು ನಿಗದಿ ಮಾಡುವ ಸಭೆಯಲ್ಲಿ ಆ ಟಿಪ್ಪಣಿಯನ್ನು ಮೊದಲು ಓದಿಸಿ.