ಒಂದು ಗುಂಡಿ, ಒಂದು ದೀಪ: ಎಲೆಕ್ಟ್ರಾನಿಕ್ಸನ್ನು ಕೈಯಾರೆ ಮಾಡಿ ಕಲಿಯುವ ಬಗೆ

ರಾತ್ರಿ ಎದ್ದು ನೀರು ಕುಡಿಯುವ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಇಡಬಹುದಾದ, ಒಂದೇ ಗುಂಡಿಯಿಂದ ಹೊತ್ತಿ ಆರುವ ಸಣ್ಣ ದೀಪವೊಂದನ್ನು ಆರ್ಡುಯಿನೋ ಎಂಬ, ಪ್ರೋಗ್ರಾಮ್ ಬರೆದು ನಡೆಸಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಬಳಸಿ ಹೇಗೆ ಮಾಡುವುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ಇದನ್ನು ಹಲವು ವರ್ಷಗಳಿಂದ ಹೇಳಿಕೊಡುತ್ತ ಬಂದಿದ್ದೇನೆ. ದೀಪ ಹೊತ್ತಿಸುವುದು ಅರ್ಧ ಗಂಟೆಯಲ್ಲಿ ಎಲ್ಲರಿಗೂ ಬರುತ್ತದೆ. ಗುಂಡಿಯ ಹತ್ತಿರ ಬಂದಾಗ ಮಾತ್ರ ಒಬ್ಬೊಬ್ಬರಾಗಿ ತಪ್ಪುತ್ತಾರೆ, ಕಾರಣ ತಿಳಿಯದೆ ಬೋರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಕೊನೆಗೆ ಅರ್ಧಕ್ಕೆ ಬಿಟ್ಟು ಬೇರೊಂದು ಕಿಟ್ ಕೊಳ್ಳಲು ಹೊರಡುತ್ತಾರೆ. ಆದ್ದರಿಂದ ಈ ಲೇಖನದ ಬಹುಪಾಲು ಆ ಗುಂಡಿಗೇ ಮೀಸಲು.

ಈ ಬೋರ್ಡಿನ ಹುಟ್ಟನ್ನು ತಿಳಿದುಕೊಂಡರೆ ಗುಂಡಿಗೆ ಇಷ್ಟು ಮಹತ್ವ ಏಕೆ ಎಂಬುದು ಸ್ಪಷ್ಟವಾಗುತ್ತದೆ. ಒಲಿವೆಟ್ಟಿ ಟೈಪ್‌ರೈಟರುಗಳ ಊರಾದ ಇಟಲಿಯ ಇವ್ರೆಯಾದಲ್ಲಿ ಇಂಟರಾಕ್ಷನ್ ಡಿಸೈನ್, ಅಂದರೆ ಜನರು ವಸ್ತುಗಳನ್ನು ಬಳಸುವ ಬಗೆಯನ್ನು ವಿನ್ಯಾಸಗೊಳಿಸುವುದನ್ನು, ಕಲಿಸುವ ಒಂದು ಸಂಸ್ಥೆಯಿತ್ತು. ಅಲ್ಲಿ ಹೆರ್ನಾಂಡೊ ಬರ್ರಾಗಾನ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ 2003ರಲ್ಲಿ 'ವೈರಿಂಗ್' ಎಂಬ, ಇಂಥದ್ದೇ ಬೋರ್ಡ್ ಮತ್ತು ತಂತ್ರಾಂಶದ ವ್ಯವಸ್ಥೆಯನ್ನು ರೂಪಿಸಿದರು. ಅದರ ಬೆನ್ನಿಗೆ 2005ರಲ್ಲಿ ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರು ಆರ್ಡುಯಿನೋವನ್ನು ಹೊರತಂದರು. ಎಲೆಕ್ಟ್ರಾನಿಕ್ಸ್ ಓದಿರದ ವಿನ್ಯಾಸದ ವಿದ್ಯಾರ್ಥಿಗಳು ತಮ್ಮ ಕಲ್ಪನೆಯ ವಸ್ತುವನ್ನು ತಾವೇ ಕಟ್ಟಿ, ಅದನ್ನು ಬಳಸುವವರ ಕೈಗೆ ಕೊಟ್ಟು ನೋಡಲಿ ಎಂಬುದು ಅದರ ಉದ್ದೇಶವಾಗಿತ್ತು. ನಮ್ಮಲ್ಲಿ ಮೊದಲರ್ಧ ಉಳಿದು, ಬಳಸುವವರ ಕೈಗೆ ಕೊಟ್ಟು ನೋಡುವ ಎರಡನೆಯ ಅರ್ಧ ಬಿಟ್ಟುಹೋಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೇಕಾದ ಸಾಮಾನು ಇಷ್ಟೇ: ಒಂದು ಆರ್ಡುಯಿನೋ ಊನೋ ಆರ್3 ಬೋರ್ಡ್, ಬಿಳಿ ಬಣ್ಣದ ಮೂರು ಎಲ್‌ಇಡಿ, 220 ಓಮ್‌ನ ಮೂರು ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ತಗ್ಗಿಸುವ ಬಿಡಿಭಾಗ), ನಾಲ್ಕು ಕಾಲಿನ ಒಂದು ಪುಶ್ ಬಟನ್ (ಇದೇ ನಮ್ಮ ಗುಂಡಿ), ಒಂದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ, ತೂತುಗಳಿರುವ ಹಲಗೆ), ಅವನ್ನು ಜೋಡಿಸುವ ಹತ್ತಾರು ಜಂಪರ್ ವೈರ್ ಮತ್ತು ಯುಎಸ್‌ಬಿ ಕೇಬಲ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲವೂ ಬಿಡಿಯಾಗಿ ಸಿಗುತ್ತವೆ, ಬಿಡಿಯಾಗಿಯೇ ಕೊಳ್ಳಿರಿ. ಮೂವತ್ತು ನಲವತ್ತು ಸೆನ್ಸರುಗಳನ್ನು ತುಂಬಿದ ದೊಡ್ಡ ಪೆಟ್ಟಿಗೆಯನ್ನು ಮೊದಲ ಸಲಕ್ಕೆ ಕೊಳ್ಳಲೇಬೇಡಿ, ಏಕೆಂದರೆ ಒಂದನ್ನು ಆಳವಾಗಿ ಕಲಿಯುವ ಮೊದಲೇ ಕೈ ಮತ್ತೊಂದಕ್ಕೆ ಹೋಗುತ್ತದೆ. ಬೇರೆ ತಯಾರಕರ ಅಗ್ಗದ ಊನೋ ಬೋರ್ಡ್ ಈ ಕೆಲಸಕ್ಕೆ ಸಾಕು. ಅಂಥವುಗಳಲ್ಲಿ ಹಲವಕ್ಕೆ ಸಿಎಚ್340 ಎಂಬ ಚಿಪ್ಪಿನ ಡ್ರೈವರನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕಾಗಬಹುದು. ಬ್ರೆಡ್‌ಬೋರ್ಡಿನಲ್ಲಿ ಮಾತ್ರ ಜಿಪುಣತನ ಮಾಡಬಾರದು. ಅಗ್ಗದ ಬೋರ್ಡುಗಳ ಒಳಗಿನ ಲೋಹದ ಹಿಡಿಕೆ ಬೇಗ ಸಡಿಲವಾಗಿ, ಕಣ್ಣಿಗೆ ಸರಿಯಾಗಿ ಕಾಣುವ ಜೋಡಣೆ ಒಳಗೆ ಮುಟ್ಟಿಯೇ ಇರುವುದಿಲ್ಲ. ಹಾಗೆಯೇ, ಫೋನ್ ಚಾರ್ಜ್ ಮಾಡಲು ಮಾತ್ರ ಬರುವ ಕೆಲವು ಕೇಬಲ್ಲುಗಳಲ್ಲಿ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಹೊತ್ತಿದರೂ ಕಂಪ್ಯೂಟರಿಗೆ ಬೋರ್ಡ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿರಿ.

ಆರ್ಡುಯಿನೋ ತಂತ್ರಾಂಶವನ್ನು ಹಾಕಿಕೊಂಡು, ಅದರಲ್ಲೇ ಇರುವ 'ಬ್ಲಿಂಕ್' ಉದಾಹರಣೆಯನ್ನು ಬೋರ್ಡಿಗೆ ಕಳುಹಿಸಿ, ಬೋರ್ಡಿನ ಮೇಲೆಯೇ ಇರುವ ಪುಟ್ಟ ದೀಪ ಮಿನುಗಿದರೆ ಮೊದಲ ಹಂತ ಮುಗಿಯಿತು.

ಎರಡನೆಯ ಹಂತದಲ್ಲಿ ಬೋರ್ಡಿನ ಅಂಚಿನಲ್ಲಿರುವ 9, 10 ಮತ್ತು 11ನೆಯ ಪಿನ್ನುಗಳಿಂದ (ತಂತಿ ಚುಚ್ಚುವ ತೂತುಗಳಿಂದ) ತಲಾ ಒಂದು ರೆಸಿಸ್ಟರ್ ಮೂಲಕ ತಲಾ ಒಂದು ಎಲ್‌ಇಡಿಯ ಉದ್ದ ಕಾಲಿಗೆ ತಂತಿ ಕೊಟ್ಟು, ಗಿಡ್ಡ ಕಾಲುಗಳನ್ನು ಗ್ರೌಂಡಿಗೆ, ಅಂದರೆ GND ಎಂದು ಬರೆದ ಪಿನ್ನಿಗೆ, ಸೇರಿಸಿರಿ. ಮೂರಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕುವ ಅಡ್ಡದಾರಿ ಬೇಡ, ಏಕೆಂದರೆ ಎಲ್‌ಇಡಿಗಳು ಒಂದಕ್ಕೊಂದು ತುಸು ಭಿನ್ನವಾಗಿರುವುದರಿಂದ ವಿದ್ಯುತ್ತು ಸಮನಾಗಿ ಹಂಚಿಕೆಯಾಗುವುದಿಲ್ಲ. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತೆಗೆದುಕೊಳ್ಳುತ್ತದೆ. ಬೋರ್ಡಿನ 5 ವೋಲ್ಟಿನಲ್ಲಿ ಉಳಿದ 2 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಸುಮಾರು 9 ಮಿಲಿಆಂಪಿಯರ್ ಬರುತ್ತದೆ. ಪಿನ್ನಿಗೆ ಅದು ಸುರಕ್ಷಿತ.

ಇನ್ನು ಗುಂಡಿ. ಅದರ ನಾಲ್ಕು ಕಾಲುಗಳು ಎರಡೆರಡಾಗಿ ಒಳಗೇ ಜೋಡಣೆಯಾಗಿರುತ್ತವೆ. ಆ ಜೋಡಿ ಯಾವುದೆಂದು ತಿಳಿಯದೆ ಒಂದೇ ಜೋಡಿಯ ಎರಡು ಕಾಲುಗಳಿಗೆ ತಂತಿ ಕೊಟ್ಟರೆ ಗುಂಡಿ ಸದಾ ಒತ್ತಿದಂತೆಯೇ ಇರುತ್ತದೆ. ಇದಕ್ಕೆ ನಾನು ಹೇಳಿಕೊಡುವ ಉಪಾಯವೆಂದರೆ, ಗುಂಡಿಯನ್ನು ಬ್ರೆಡ್‌ಬೋರ್ಡಿನ ನಡುಗಾಲುವೆಗೆ ಅಡ್ಡಲಾಗಿ ಕೂರಿಸಿ, ಮೂಲೆಯಿಂದ ಎದುರು ಮೂಲೆಗೆ ಬರುವ ಎರಡು ಕಾಲುಗಳನ್ನೇ ಬಳಸುವುದು. ಅವು ಎಂದಿಗೂ ಒಂದೇ ಜೋಡಿಗೆ ಸೇರಿರುವುದಿಲ್ಲ. ಅವುಗಳಲ್ಲಿ ಒಂದನ್ನು 2ನೆಯ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಕೊಡಿರಿ.

ಈಗ ಬೇಕೆಂದೇ ಒಂದು ತಪ್ಪು ಮಾಡಿ ನೋಡಿರಿ. ಪ್ರೋಗ್ರಾಮಿನಲ್ಲಿ 2ನೆಯ ಪಿನ್ನನ್ನು ಬರಿಯ 'ಇನ್‌ಪುಟ್' ಎಂದು ಘೋಷಿಸಿ, ಅದರ ಬೆಲೆಯನ್ನು (ಪಿನ್ನಿನಲ್ಲಿ ವೋಲ್ಟೇಜ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ) ಸೀರಿಯಲ್ ಮಾನಿಟರಿನಲ್ಲಿ, ಅಂದರೆ ಬೋರ್ಡು ಕಳುಹಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಕಿಟಕಿಯಲ್ಲಿ, ಮುದ್ರಿಸುತ್ತ, ಗುಂಡಿಯನ್ನು ಮುಟ್ಟದೆ ತಂತಿಯ ಹತ್ತಿರ ಕೈ ಆಡಿಸಿರಿ. ಸೊನ್ನೆ ಒಂದುಗಳು ಮನಬಂದಂತೆ ಬದಲಾಗುವುದನ್ನು ಕಾಣಬಹುದು. ಗುಂಡಿ ಒತ್ತದಿರುವಾಗ ಆ ಪಿನ್ನು ಯಾವುದಕ್ಕೂ ಅಂಟಿಕೊಂಡಿಲ್ಲ, ಆದ್ದರಿಂದ ಗೋಡೆಯೊಳಗಿನ ಮನೆವಿದ್ಯುತ್ತಿನ ಕಂಪನವನ್ನೂ ನಿಮ್ಮ ಮೈಯ ಸಮೀಪವನ್ನೂ ಅದು ಹಿಡಿದುಕೊಳ್ಳುತ್ತದೆ. ಇದನ್ನು ಕಣ್ಣಾರೆ ಕಂಡವರು ಮುಂದೆಂದೂ ಮರೆಯುವುದಿಲ್ಲ. ಪರಿಹಾರ ಸರಳ: 'ಇನ್‌ಪುಟ್' ಬದಲು 'ಇನ್‌ಪುಟ್_ಪುಲ್‌ಅಪ್' (INPUT_PULLUP) ಎಂದು ಘೋಷಿಸಿದರೆ, ಚಿಪ್ಪಿನ ಒಳಗೇ ಇರುವ 20ರಿಂದ 50 ಕಿಲೋ ಓಮ್‌ನ ರೆಸಿಸ್ಟರ್ ಆ ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆದು ಹಿಡಿಯುತ್ತದೆ. ಆಗ ಒತ್ತದಿದ್ದರೆ ಒಂದು, ಒತ್ತಿದರೆ ಸೊನ್ನೆ ಬರುತ್ತದೆ. ಇದು ತಲೆಕೆಳಗಾಗಿದೆ ಎಂದು ಭಾವಿಸಿ ಗುಂಡಿಯ ತಂತಿಯನ್ನು ಗ್ರೌಂಡಿನಿಂದ ಕಿತ್ತು 5 ವೋಲ್ಟಿಗೆ ಹಾಕಿದರೆ ಒತ್ತಿದರೂ ಬಿಟ್ಟರೂ ಒಂದೇ ಬರುತ್ತದೆ. ತಂತಿಯನ್ನು ಮುಟ್ಟದೆ, ಪ್ರೋಗ್ರಾಮಿನಲ್ಲೇ ಅರ್ಥವನ್ನು ತಿರುಗಿಸಿಕೊಳ್ಳಿರಿ.

ಮುಂದಿನ ತೊಡಕು 'ಒತ್ತಿದೆ' ಮತ್ತು 'ಈಗ ತಾನೇ ಒತ್ತಲಾಯಿತು' ಎಂಬ ಎರಡರ ವ್ಯತ್ಯಾಸ. ಒತ್ತಿದ್ದರೆ ದೀಪದ ಸ್ಥಿತಿಯನ್ನು ಬದಲಿಸು ಎಂದು ಬರೆದರೆ, ಬೆರಳು ಗುಂಡಿಯ ಮೇಲಿರುವ ಆ ಅರೆಗಳಿಗೆಯಲ್ಲಿ ಬೋರ್ಡು ಸಾವಿರಾರು ಸಲ ದೀಪವನ್ನು ಹೊತ್ತಿಸಿ ಆರಿಸಿರುತ್ತದೆ, ಬೆರಳು ತೆಗೆದಾಗ ಅದು ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಹಿಂದಿನ ಸಲ ಓದಿದ ಬೆಲೆಯನ್ನು ನೆನಪಿಟ್ಟುಕೊಂಡು, ಅದು ಒಂದಾಗಿದ್ದು ಈಗ ಸೊನ್ನೆಯಾದಾಗ ಮಾತ್ರ ಕೆಲಸ ಮಾಡಬೇಕು.

ಇಷ್ಟು ಮಾಡಿದ ಮೇಲೂ, ಹತ್ತು ಸಲ ಒತ್ತಿ ಎಣಿಸಿದರೆ ಲೆಕ್ಕ ಹದಿಮೂರೋ ಹದಿನೇಳೋ ಬರಬಹುದು. ಸಿಮೆಂಟ್ ನೆಲಕ್ಕೆ ಬಿದ್ದ ಗೋಲಿ ನಿಲ್ಲುವ ಮುನ್ನ ಟಣಟಣನೆ ಪುಟಿಯುವಂತೆ, ಗುಂಡಿಯೊಳಗಿನ ಲೋಹದ ತಗಡು ಕೂಡ ಕೆಲವು ಮಿಲಿಸೆಕೆಂಡುಗಳ ಕಾಲ ಮುಟ್ಟಿ ಬಿಟ್ಟು ಮುಟ್ಟಿ ಅದುರುತ್ತದೆ. ನಮಗೆ ತಿಳಿಯದ ಆ ಅದುರು 16 ಮೆಗಾಹರ್ಟ್ಸ್ ವೇಗದ ಚಿಪ್ಪಿಗೆ ಬಿಡಿಬಿಡಿ ಒತ್ತುಗಳಾಗಿ ಕಾಣುತ್ತದೆ. ಇಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ 'ಡಿಲೇ' ಎಂಬ ಆಜ್ಞೆಯಿಂದ ಬೋರ್ಡನ್ನು 200 ಮಿಲಿಸೆಕೆಂಡ್ ಸುಮ್ಮನೆ ಕೂರಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊತ್ತಿನಲ್ಲಿ ಬೋರ್ಡು ಕುರುಡಾಗಿರುತ್ತದೆ, ಬೇಗನೆ ಒತ್ತಿ ಬಿಟ್ಟ ಒತ್ತು ತಪ್ಪಿಹೋಗುತ್ತದೆ, ಬೆಳಕಿನ ಏರಿಳಿತವೂ ತಡವರಿಸುತ್ತದೆ. 'ಮಿಲಿಸ್' (millis) ಎಂಬ ಆಜ್ಞೆಯಿಂದ ಸಮಯವನ್ನು ಓದಿ, ಬೆಲೆ ಬದಲಾದ ಕ್ಷಣವನ್ನು ಬರೆದಿಟ್ಟುಕೊಂಡು, ಅದು 25 ಮಿಲಿಸೆಕೆಂಡ್ ಕದಲದೆ ನಿಂತರೆ ಮಾತ್ರ ನಿಜವಾದ ಒತ್ತು ಎಂದು ಒಪ್ಪಿಕೊಳ್ಳಿರಿ. ಸುಮಾರು 0.1 ಸೆಕೆಂಡಿನೊಳಗೆ ಬಂದ ಉತ್ತರ ಮನುಷ್ಯರಿಗೆ ಒಡನೆಯೇ ಬಂದಂತೆ ಅನ್ನಿಸುವುದರಿಂದ ಈ 25 ಮಿಲಿಸೆಕೆಂಡ್ ಯಾರ ಅರಿವಿಗೂ ಬಾರದು. ಪ್ರೋಗ್ರಾಮನ್ನು ವಿಡಿಯೊ ನೋಡಿ ನಕಲು ಮಾಡದೆ ಸ್ವತಃ ಬರೆಯಿರಿ, ಹತ್ತು ಹದಿನೈದು ಸಾಲುಗಳಿಗಿಂತ ಹೆಚ್ಚಿಲ್ಲ.

ನಂತರ ಒತ್ತಿಗೆ ಅರ್ಥ ಕೊಡಬೇಕು. ಚಿಕ್ಕ ಒತ್ತಿಗೆ ಹೊತ್ತುವುದು ಮತ್ತು ಆರುವುದು, ಒತ್ತಿ ಹಿಡಿದರೆ ಬೆಳಕಿನ ಪ್ರಮಾಣ ಬದಲಾಗುವುದು ಎಂದು ನಿರ್ಧರಿಸಿದವರು ಸಾಮಾನ್ಯವಾಗಿ ಬೆರಳು ಮೇಲೆದ್ದ ಮೇಲೆ ಕೆಲಸವಾಗುವಂತೆ ಬರೆಯುತ್ತಾರೆ, ಏಕೆಂದರೆ ಒತ್ತು ಚಿಕ್ಕದೋ ದೊಡ್ಡದೋ ಎಂಬುದು ಆಗಲೇ ತಿಳಿಯುವುದು. ಆದರೆ ಕತ್ತಲಲ್ಲಿರುವ ವಯಸ್ಸಾದವರು ಬೆಳಕು ಬರುವ ತನಕ ಬೆರಳು ತೆಗೆಯುವುದಿಲ್ಲ, ಬೆಳಕು ಬಾರದಿದ್ದರೆ ಇನ್ನೂ ಬಲವಾಗಿ ಒತ್ತುತ್ತಾರೆ. ಹಾಗಾಗಿ ಆರಿರುವ ದೀಪ ಬೆರಳು ತಗುಲಿದೊಡನೆ ಹೊತ್ತಲೇಬೇಕು. ಹೊತ್ತಿರುವ ದೀಪಕ್ಕೆ ಮಾತ್ರ, 600 ಮಿಲಿಸೆಕೆಂಡಿನ ಒಳಗೆ ಬೆರಳು ತೆಗೆದರೆ ಆರುವಂತೆಯೂ ಇನ್ನೂ ಹಿಡಿದಿದ್ದರೆ ಬೆಳಕು ಬದಲಾಗುವಂತೆಯೂ ಬರೆಯಿರಿ. ಹೊತ್ತಿಸಿದ ಅದೇ ಒತ್ತಿನ ಬಿಡುಗಡೆ ದೀಪವನ್ನು ಮತ್ತೆ ಆರಿಸಿಬಿಡುವ ತಪ್ಪು ಇಲ್ಲಿ ಬಹಳ ಸಲ ಆಗುತ್ತದೆ. ಹೊತ್ತಿಸಿದ ಒತ್ತು ಮುಗಿದು ಬೆರಳು ಏಳುವ ತನಕ ಬೇರೇನನ್ನೂ ಮಾಡಬಾರದು ಎಂಬ ಗುರುತೊಂದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ ಅದು ನಿವಾರಣೆಯಾಗುತ್ತದೆ.

ಬೆಳಕಿನ ಪ್ರಮಾಣವನ್ನು 'ಅನಲಾಗ್‌ರೈಟ್' (analogWrite) ಆಜ್ಞೆಯಿಂದ 0ಯಿಂದ 255ರವರೆಗೆ ಕೊಡಬಹುದು, ಬೋರ್ಡು ಎಲ್‌ಇಡಿಯನ್ನು ಸೆಕೆಂಡಿಗೆ ಸುಮಾರು 490 ಸಲ ಹೊತ್ತಿಸಿ ಆರಿಸಿ ಕಣ್ಣಿಗೆ ಮಂದವಾಗಿ ತೋರಿಸುತ್ತದೆ. ಮೂರು ಹಂತಗಳನ್ನು 85, 170, 255 ಎಂದು ಸಮನಾಗಿ ಹಂಚಬೇಡಿ, ಕಣ್ಣಿಗೆ ಕೊನೆಯ ಎರಡು ಬಹುತೇಕ ಒಂದೇ ಆಗಿ ಕಾಣುತ್ತವೆ. ನಾನು 10, 60, 255 ಬಳಸುತ್ತೇನೆ. ದೀಪ ಆರಿರುವಾಗಲೂ ಗುಂಡಿಯ ಪಕ್ಕದ ಎಲ್‌ಇಡಿಗೆ 1 ಅಥವಾ 2ರಷ್ಟು ಬೆಲೆ ಉಳಿಸಿದರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಈಗ ದೀಪವನ್ನು ಅಜ್ಜಿಗೆ ಕೊಡಿ, ಏನನ್ನೂ ವಿವರಿಸಬೇಡಿ. ಈ ಹಂತವನ್ನು ಬಿಟ್ಟವರು ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಅವರು ಹೆಬ್ಬೆರಳಿನಿಂದ ಒತ್ತುತ್ತಾರೋ ಅಂಗೈಯಿಂದಲೋ, ಬೆಳಕು ಬಂದ ಮೇಲೆ ಬೆರಳು ಎಷ್ಟು ಹೊತ್ತು ಅಲ್ಲೇ ಇರುತ್ತದೆ, ಬೆಳಕು ಬದಲಾದಾಗ ಬೆಚ್ಚುತ್ತಾರೋ ಎಂಬುದನ್ನು ಬರೆದಿಟ್ಟುಕೊಳ್ಳಿರಿ. "ಹಾಗಲ್ಲ ಅಜ್ಜಿ, ಹೀಗೆ ಒತ್ತಿ" ಎಂಬ ಮಾತು ಬಾಯಿಗೆ ಬಂದರೂ ತಡೆದುಕೊಳ್ಳಿರಿ, ತಿದ್ದಬೇಕಾದದ್ದು ಪ್ರೋಗ್ರಾಮನ್ನು. ಒಂದು ಮನೆಯ ಅಜ್ಜಿ ನಿಧಾನವಾಗಿ ಒತ್ತುವವರಾದ್ದರಿಂದ ದೀಪ ಆರಿಸಲು ಹೋದಾಗಲೆಲ್ಲ ಬೆಳಕು ಬದಲಾಗುತ್ತಿತ್ತು. 600 ಇದ್ದದ್ದನ್ನು 1200 ಮಾಡಿದ ಮೇಲೆ ಅವರಿಗೆ ಅದು ಒಗ್ಗಿತು.

ಕೊನೆಯದಾಗಿ ಪೆಟ್ಟಿಗೆ. ವಿದ್ಯುತ್ತಿಗೆ ಹಳೆಯ ಫೋನಿನ 5 ವೋಲ್ಟ್ ಚಾರ್ಜರ್ ಸಾಕು. ಚೌಕದ 9 ವೋಲ್ಟ್ ಬ್ಯಾಟರಿ ಬೇಗ ಬರಿದಾಗುತ್ತದೆ, ಪವರ್ ಬ್ಯಾಂಕುಗಳಲ್ಲಿ ಹಲವು ಇಷ್ಟು ಕಡಿಮೆ ಬಳಕೆಯನ್ನು ಕಂಡು ತಾವಾಗಿಯೇ ನಿಂತುಬಿಡುತ್ತವೆ. ರಟ್ಟಿನ ಪೆಟ್ಟಿಗೆಯಾದರೂ ಸರಿ, ಆದರೆ ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಅಂಟಿಸಿ ಒಳಗೆ ಸ್ವಲ್ಪ ಭಾರ ಇಡಿರಿ, ಇಲ್ಲವಾದರೆ ಒಂದು ಕೈಯಲ್ಲಿ ಒತ್ತಿದಾಗ ದೀಪ ಹಿಂದಕ್ಕೆ ಸರಿದು ಪಕ್ಕದ ನೀರಿನ ಚೆಂಬಿಗೆ ತಾಗುತ್ತದೆ.