ಬಾಕ್ಸ್ ಸ್ಕೋರ್ ತಾಳೆ ಹಾಕಲು ಕಲಿತಿದ್ದು

ಬೆಂಗಳೂರಿನ ಕ್ಲಬ್ ಕ್ರಿಕೆಟ್‌ಗೆ ಸ್ಕೋರ್ ಬರೆದು ನನಗೆ ಅಭ್ಯಾಸ. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಎಕ್ಸ್‌ಟ್ರಾ ಸೇರಿಸಿ, ಬೌಲಿಂಗ್ ಲೆಕ್ಕಕ್ಕೆ ತಾಳೆ ನೋಡದೆ ಪುಸ್ತಕ ಮುಚ್ಚುತ್ತಿರಲಿಲ್ಲ. ಬೇಸ್‌ಬಾಲ್ ಹುಚ್ಚು ಹಿಡಿದ ಮೇಲೆ ಅಲ್ಲೂ ಅಂಥದ್ದೊಂದು ತಾಳೆ ಇದೆಯಾ ಎಂದು ಹುಡುಕಿದೆ. ಇದೆ! ಬಾಕ್ಸ್ ಸ್ಕೋರಿಗೆ (ಬೇಸ್‌ಬಾಲ್ ಪಂದ್ಯದ ಲೆಕ್ಕದ ಪಟ್ಟಿ) ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಕೂಡ ನ್ಯೂಯಾರ್ಕಿನಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದವರೇ.

ಕಲಿಯಲು ನಾನು ಆರಿಸಿಕೊಂಡದ್ದು 1956ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಐದನೇ ಪಂದ್ಯ. ಅಕ್ಟೋಬರ್ 8, ಯಾಂಕೀ ಸ್ಟೇಡಿಯಂ. ಯಾಂಕೀಸ್‌ನ ಡಾನ್ ಲಾರ್ಸನ್ ಬ್ರೂಕ್ಲಿನ್ ಡಾಡ್ಜರ್ಸ್‌ನ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪಂದ್ಯ. ಪ್ರತಿ ಬ್ಯಾಟರ್‌ಗೆ ಏನಾಯಿತು ಎಂಬ ವಿವರ ಮುಂದಿಟ್ಟುಕೊಂಡು, ಖಾಲಿ ಶೀಟಿನಲ್ಲಿ ಪೆನ್ಸಿಲ್ಲಿನಿಂದ ಒಂದೊಂದೇ ಚೌಕ ತುಂಬಿದೆ.

ಮೊದಲು ಫೀಲ್ಡರ್‌ಗಳ ನಂಬರ್ ಬಾಯಿಪಾಠ ಆಗಬೇಕು. ಪಿಚರ್ (ಚೆಂಡು ಎಸೆಯುವವನು) 1, ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ 6. ಔಟ್‌ಫೀಲ್ಡ್ ಎಡದಿಂದ ಬಲಕ್ಕೆ 7, 8, 9. ಇದು ಜೆರ್ಸಿ ನಂಬರ್ ಅಲ್ಲ, ನಿಲ್ಲುವ ಜಾಗದ ನಂಬರ್. ಎರಡನೇ ಇನಿಂಗ್ಸ್‌ನಲ್ಲಿ ಜಾಕಿ ರಾಬಿನ್ಸನ್ ಜೋರಾಗಿ ಹೊಡೆದ ಚೆಂಡು ಮೂರನೇ ಬೇಸ್‌ನ ಆಂಡಿ ಕ್ಯಾರಿಗೆ ತಾಗಿ ಶಾರ್ಟ್‌ಸ್ಟಾಪ್ ಗಿಲ್ ಮೆಕ್‌ಡೂಗಲ್ಡ್ ಕಡೆ ಹೋಯಿತು. ಅವರು ಮೊದಲ ಬೇಸ್‌ಗೆ ಎಸೆದರು, ರಾಬಿನ್ಸನ್ ಔಟ್. ಶೀಟಿನಲ್ಲಿ ಇದಿಷ್ಟೂ 5-6-3. ಚೆಂಡು ತಾಗಿ ದಿಕ್ಕು ಬದಲಿಸಿದ್ದಕ್ಕೂ ಕ್ಯಾರಿಗೆ ಒಂದು ಅಸಿಸ್ಟ್ (ಔಟ್‌ಗೆ ನೆರವಾದ ಲೆಕ್ಕ) ಸಿಗುತ್ತದೆ. ಈ ನಿಯಮ ನನಗೆ ತುಂಬಾ ಇಷ್ಟ.

ಯಾಂಕೀಸ್‌ನ ಆರನೇ ಇನಿಂಗ್ಸ್‌ನಲ್ಲಿ ನಾನು ತುಂಬಾ ಹೊತ್ತು ಕೂತೆ. ಕ್ಯಾರಿ ಸಿಂಗಲ್ (ಹೊಡೆದು ಮೊದಲ ಬೇಸ್ ಸೇರುವುದು, ರನ್ ಅಲ್ಲ). ಲಾರ್ಸನ್ ಸ್ಯಾಕ್ರಿಫೈಸ್ ಬಂಟ್, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ ಜೊತೆಗಾರನನ್ನು ಮುಂದಿನ ಬೇಸ್‌ಗೆ ಕಳಿಸುವುದು. ಹ್ಯಾಂಕ್ ಬಾವರ್ ಸಿಂಗಲ್, ಕ್ಯಾರಿ ಮನೆ (ಹೋಮ್ ಪ್ಲೇಟ್) ಸೇರಿದರು, ಒಂದು ರನ್. ಜೋ ಕಾಲಿನ್ಸ್ ಇನ್ನೊಂದು ಸಿಂಗಲ್ ಹೊಡೆದಾಗ ಬಾವರ್ ಮೂರನೇ ಬೇಸ್‌ಗೆ. ಆಮೇಲೆ ಮಿಕಿ ಮ್ಯಾಂಟಲ್ ಹೊಡೆತ ಡಾಡ್ಜರ್ಸ್‌ನ ಮೊದಲ ಬೇಸ್‌ನ ಗಿಲ್ ಹಾಡ್ಜಸ್ ಕೈಗೆ. ಅವರು ಮೊದಲ ಬೇಸ್ ತುಳಿದು ಮ್ಯಾಂಟಲ್‌ರನ್ನು ಔಟ್ ಮಾಡಿ ಕ್ಯಾಚರ್‌ಗೆ ಎಸೆದರು. ಬಾವರ್ ನಡುವೆ ಸಿಕ್ಕಿಬಿದ್ದರು. 3-2-5-2-5! ಕ್ಯಾಚರ್ ರಾಯ್ ಕ್ಯಾಂಪನೆಲ್ಲಾ ಎರಡು ಸಲ ಎಸೆದರೂ ಅಸಿಸ್ಟ್ ಒಂದೇ.

ಈಗ ತಾಳೆ. ಒಂದು ಕಡೆ ಅಟ್ ಬ್ಯಾಟ್ (ಮುಂದೆ ಹೇಳುವ ಬಗೆಗಳನ್ನು ಬಿಟ್ಟು ಬ್ಯಾಟ್ ಮಾಡಿದ ಸರದಿ), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್), ಸ್ಯಾಕ್ರಿಫೈಸ್, ಚೆಂಡು ಮೈಗೆ ಬಡಿದು ಬೇಸ್‌ಗೆ ಹೋದವರು (ಕ್ಯಾಚರ್ ಅಡ್ಡಿ ಮಾಡಿದ್ದು ಅಪರೂಪ, ಇದ್ದರೆ ಅದೂ). ಇನ್ನೊಂದು ಕಡೆ ರನ್, ಬೇಸ್‌ನಲ್ಲೇ ಉಳಿದವರು, ಎದುರಾಳಿಯ ಪುಟ್‌ಔಟ್ (ಅವರು ಮಾಡಿದ ಔಟ್). ಎರಡೂ ಸಮ ಬರಬೇಕು. ಬ್ಯಾಟ್ ಹಿಡಿದು ಬಂದವನು ಒಂದೋ ಮನೆ ಸೇರುತ್ತಾನೆ, ಇಲ್ಲ ಔಟಾಗುತ್ತಾನೆ, ಇಲ್ಲ ಬೇಸ್‌ನಲ್ಲೇ ನಿಲ್ಲುತ್ತಾನೆ. ಬೇರೆ ದಾರಿ ಇಲ್ಲ ಅಲ್ವಾ?

ಯಾಂಕೀಸ್: ಅಟ್ ಬ್ಯಾಟ್ 26, ವಾಕ್ 2, ಲಾರ್ಸನ್‌ರ ಆ ಬಂಟ್ 1. ಒಟ್ಟು 29. ಆಚೆ ಕಡೆ ರನ್ 2, ಉಳಿದವರು 3, ಪುಟ್‌ಔಟ್ 24. ಅಲ್ಲೂ 29. ಬಂಟನ್ನು ಮರೆತರೆ ಒಂದು ಕಡಿಮೆ ಬರುತ್ತದೆ, ಏಕೆಂದರೆ ಅದು ಅಟ್ ಬ್ಯಾಟ್‌ನಲ್ಲಿ ಸೇರುವುದಿಲ್ಲ.

ಡಾಡ್ಜರ್ಸ್ ಲೆಕ್ಕ ಇನ್ನೂ ಚೆಂದ. ಅಟ್ ಬ್ಯಾಟ್ 27, ಪುಟ್‌ಔಟ್ 27, ಮಿಕ್ಕಿದ್ದೆಲ್ಲ ಸೊನ್ನೆ. ಕೊನೆಯವರು ಡೇಲ್ ಮಿಚೆಲ್. ಮೂರನೇ ಸ್ಟ್ರೈಕನ್ನು ಅಂಪೈರ್ ಕರೆದದ್ದರಿಂದ ಅವರ ಚೌಕದಲ್ಲಿ ಸ್ಟ್ರೈಕ್‌ಔಟ್‌ನ ಗುರುತಾದ ಇಂಗ್ಲಿಷ್ ಕೆ (K) ಅಕ್ಷರವನ್ನು ತಿರುಗಿಸಿ ಬರೆಯಬೇಕು.

ಲೈವ್ ನೋಡುವಾಗ ಪಂದ್ಯ ಮುಗಿಯುವವರೆಗೆ ಕಾಯಬೇಡಿ. 2023ರಿಂದ ಪಿಚ್ ಕ್ಲಾಕ್ (ಎಸೆತಕ್ಕೆ ಸಮಯದ ಮಿತಿ ಹಾಕುವ ಗಡಿಯಾರ) ಬಂದು ಆಟದ ವೇಗ ಜಾಸ್ತಿಯಾಗಿದೆ, ಹಿಂದಿನದನ್ನು ತಿರುಗಿ ನೋಡಲು ಪುರುಸೊತ್ತಿಲ್ಲ. ಪ್ರತಿ ಅರ್ಧ ಇನಿಂಗ್ಸ್ ಮುಗಿದಾಗಲೇ ತಾಳೆ ಹಾಕಿ. ಯಾಂಕೀಸ್‌ನ ಆ ಆರನೇ ಇನಿಂಗ್ಸ್ ನೋಡಿ: ಬ್ಯಾಟ್ ಮಾಡಿದವರು 5. ರನ್ 1, ಔಟ್ 3, ಬೇಸ್‌ನಲ್ಲಿ ಉಳಿದವರು ಕಾಲಿನ್ಸ್ ಒಬ್ಬರೇ.